ತಿರುಳು ತೆಗೆದ ಪುಸ್ತಕ

ಮೇಷ್ಟ್ರು ಬರೆದ ಪುಸ್ತಕ ಎಷ್ಟು ದಪ್ಪ ಇತ್ತು ಅಂದರೆ, ಅದನ್ನು ಯಾರಿಗಾದರೂ ಕೊಡಬೇಕಾದರೆ ಎರಡೂ ಕೈಯಲ್ಲಿ ಕೊಡಬೇಕು, ತೆಗೆದುಕೊಳ್ಳುವವರೂ ಎರಡೂ ಕೈ ಒಡ್ಡಬೇಕು. ನೋಡಿದವರು ಅದನ್ನು ಮರ್ಯಾದೆ ಅಂದುಕೊಳ್ಳುತ್ತಿದ್ದರು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಒಂದೇ ಕೈಯಲ್ಲಿ ಹಿಡಿದರೆ ಮಣಿಕಟ್ಟು ಉಳುಕುತ್ತಿತ್ತು, ಅಷ್ಟೆ. ಹೆಸರು ‘ಮನುಷ್ಯ: ಒಂದು ಸಮಗ್ರ ವಿವೇಚನೆ’. ಮನುಷ್ಯನ ವಿಷಯದಲ್ಲಿ ಹೇಳುವುದು ಏನೇನಿದೆಯೋ ಎಲ್ಲವನ್ನೂ ಹೇಳಿ ಮುಗಿಸಿಬಿಟ್ಟಿದ್ದೇನೆ, ಮುಂದೆ ಬರುವವರಿಗೆ ಪಾಪ ಏನೂ ಉಳಿದಿಲ್ಲ ಅಂತ ಮುನ್ನುಡಿಯಲ್ಲಿ ಸ್ವಲ್ಪ ಬೇಜಾರಿನಿಂದಲೇ ಬರೆದುಕೊಂಡಿದ್ದರು. ಆಗಿನಿಂದ ಬೀದಿಯವರು ಅವರನ್ನು ‘ಸಮಗ್ರ ಮೇಷ್ಟ್ರು’ ಅಂತ ಕರೆಯತೊಡಗಿದರು. ಅದು ಗೇಲಿ ಅನ್ನುವುದು ಮೇಷ್ಟ್ರೊಬ್ಬರಿಗೆ ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು.

ಅಚ್ಚು ಹಾಕಿಸಿದ್ದು ಸ್ವಂತ ಖರ್ಚಿನಲ್ಲಿ. ಲಾರಿಯಲ್ಲಿ ಬಂದ ಕಟ್ಟುಗಳು ಮಂಚದ ಕೆಳಗೆ ಹೋದವು, ಬೀರುವಿನ ಮೇಲೆ ಹತ್ತಿದವು, ಮೆಟ್ಟಿಲ ಸಂದಿಯಲ್ಲಿ ತೂರಿಕೊಂಡವು, ಕೊನೆಗೆ ಬಚ್ಚಲಿಗೆ ಹೋಗುವ ದಾರಿಯಲ್ಲೂ ಸಾಲಾಗಿ ನಿಂತವು. “ಈ ಮನೆಯಲ್ಲಿ ಮನುಷ್ಯರಿಗೆ ಜಾಗ ಇಲ್ಲ, ‘ಮನುಷ್ಯ’ನಿಗೆ ಮಾತ್ರ ಇದೆ” ಅಂತ ಮೇಷ್ಟ್ರಮ್ಮ ಅಡ್ಡಡ್ಡ ನಡೆಯುತ್ತಾ ಗೊಣಗಿದಳು. ಮೇಷ್ಟ್ರಮ್ಮ ಅಂದರೆ ಮೇಷ್ಟ್ರ ಹೆಂಡತಿ. ರಟ್ಟು, ಬಟ್ಟೆ, ಅಂಟು, ಕತ್ತರಿ ಕಂಡರೆ ಕೈ ಸುಮ್ಮನಿರದ ಹೆಂಗಸು, ಬಾಯಿಯೂ ಅಷ್ಟೆ.

ಮೊದಮೊದಲು ಮೇಷ್ಟ್ರು ಸಿಕ್ಕಸಿಕ್ಕವರಿಗೆ ಪುಸ್ತಕ ಕೊಟ್ಟರು. ಕೊಟ್ಟ ವಾರಕ್ಕೇ ಬಾಗಿಲಿಗೆ ಹೋಗಿ “ಹೇಗಿತ್ತು?” ಅಂತ ಕೇಳುವರು. ಜನ ಅವರನ್ನು ಕಂಡರೆ ಎದುರುಗಡೆ ಫುಟ್‌ಪಾತಿಗೆ ದಾಟತೊಡಗಿದರು. ಹಜಾಮನಂತೂ ಕುರ್ಚಿ ಖಾಲಿ ಇದ್ದರೂ “ಇವತ್ತು ರಶ್ಶು ಮೇಷ್ಟ್ರೇ” ಅಂದ. ಅದಾದ ಮೇಲೆ ಮೇಷ್ಟ್ರು ಮಂಕಾದರು. ಗಡ್ಡ ಬಿಟ್ಟರು. ತಟ್ಟೆಯ ಮುಂದೆ ಕೂತು ಗೋಡೆ ನೋಡುವರು. ಕರೆದರೆ ‘ಆಂ?’ ಅನ್ನುವರು. ಶಾಲೆಯಲ್ಲಿ ಅವರು ಒಂದು ಸಲ ಕೆಮ್ಮಿದರೆ ನಾಲ್ಕು ಕ್ಲಾಸು ಸುಮ್ಮನಾಗುತ್ತಿತ್ತಂತೆ. ಅಂಥ ಮನುಷ್ಯ ಈಗ ಮನೆಯೊಳಗೆ ಕುರ್ಚಿ ಎಳೆಯಲೂ ಹಿಂಜರಿಯುತ್ತಿದ್ದರು. ಮೇಷ್ಟ್ರಮ್ಮನಿಗೆ ಇದನ್ನು ನೋಡಲಾಗಲಿಲ್ಲ. ಪುಸ್ತಕದ ಮೇಲೆ ಎಷ್ಟು ಸಿಟ್ಟಿದ್ದರೂ ಗಂಡನ ಮೇಲೆ ಇರಲಿಲ್ಲ ನೋಡಿ.

ಹೀಗಿರುವಾಗ ಮೇಷ್ಟ್ರ ಅಕ್ಕ ಬಂದಿಳಿದಳು. ಬಂದಳೆಂದರೆ ಮನೆಯ ಒಂದು ಡಬ್ಬಿ, ಒಂದು ಡ್ರಾಯರು ಬಿಡುವವಳಲ್ಲ. “ಸುಮ್ನೆ ನೋಡ್ತಿದೀನಿ” ಅನ್ನುತ್ತಲೇ ಹಿಟ್ಟಿನ ಡಬ್ಬಿಯೊಳಗೂ ಕೈ ಹಾಕುವ ಪೈಕಿ. ಹಿಂದಿನ ಸಲ ಬಂದಾಗ ಮೇಷ್ಟ್ರಮ್ಮನಿಗೆ ಅವಳಮ್ಮ ಕೊಟ್ಟ ಓಲೆಗಳನ್ನು ಕಿವಿಗೆ ಹಾಕಿಕೊಂಡು “ನಂಗೆ ಎಷ್ಟು ಒಪ್ಪುತ್ತೆ ನೋಡೇ” ಅಂತ ಕನ್ನಡಿ ಮುಂದೆ ನಿಂತವಳು ತೆಗೆಯುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು. ಈ ಸಲ ಓಲೆ ಎಲ್ಲಿಡುವುದು? ಮನೆಯಲ್ಲಿ ಯಾರೂ ಖಂಡಿತ ಕೈ ಹಾಕದ ಜಾಗ ಯಾವುದು ಅಂತ ಮೇಷ್ಟ್ರಮ್ಮ ನಿಂತಲ್ಲೇ ಸುತ್ತ ನೋಡಿದಳು. ಉತ್ತರ ಕಣ್ಣ ಮುಂದೆಯೇ ಗೋಡೆ ಕಟ್ಟಿಕೊಂಡು ನಿಂತಿತ್ತು.

ಒಂದು ಪ್ರತಿ ತೆಗೆದಳು, ನಡುವೆ ಕೊರೆದಳು, ಓಲೆ ಇಟ್ಟು ಮುಚ್ಚಿದಳು. ಅತ್ತಿಗೆ ಮನೆಯೆಲ್ಲ ಜಾಲಾಡಿದಳು, ದಿಂಬಿನ ಹತ್ತಿಯನ್ನೂ ಅದುಮಿ ನೋಡಿದಳು. ಓಲೆಯಿದ್ದ ಪುಸ್ತಕವನ್ನು ಮಾತ್ರ ಕಾಲ ಕೆಳಗೆ ಇಟ್ಟುಕೊಂಡು ಅದರ ಮೇಲೆ ನಿಂತು ಬೀರುವಿನ ಮೇಲ್ಗಡೆ ಹುಡುಕಿದಳು. ಮೇಷ್ಟ್ರಮ್ಮ ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

ಈ ಕಥೆಯನ್ನು ಮೇಲ್ಮನೆ ಅಜ್ಜಿಗೆ ಹೇಳಿದ್ದೇ ತಪ್ಪಾಯಿತು. ಅಜ್ಜಿ “ನಂಗೂ ಒಂದು ಮಾಡ್ಕೊಡೇ” ಅಂದಳು. ಸೊಸೆಗೆ ಕಾಣದ ಹಾಗೆ ಇಸ್ಪೀಟ್ ಎಲೆ ಇಡಲು. ಅಜ್ಜಿಯ ಬಾಯಿಗೆ ಬಿದ್ದದ್ದು ಬೀದಿಗೆ ಬೀಳದೆ ಉಳಿಯುತ್ತದೆಯೇ? ಹಲ್ಲಿನ ಡಾಕ್ಟರು ಹೇಳಿಕಳಿಸಿದರು. ವಕೀಲರು ತಾವೇ ಬಂದರು, ಹಿಂಬಾಗಿಲಿಂದ. ವ್ಯಾಯಾಮ ಕಲಿಸುವ ಕಟ್ಟುಮಸ್ತು ಆಸಾಮಿಗೆ ಸಿಗರೇಟು ಇಡಲು ಜಾಗ ಬೇಕಾಗಿತ್ತು. ಯಾರೂ ‘ನಾನು ಇಂಥದ್ದು ಮುಚ್ಚಿಡುತ್ತೇನೆ’ ಅಂತ ಹೇಳುತ್ತಿರಲಿಲ್ಲ. “ಇಷ್ಟು ಅಗಲ, ಇಷ್ಟು ಆಳ” ಅಂತ ಬೆರಳಲ್ಲಿ ಅಳತೆ ತೋರಿಸುವರು. ಅಳತೆ ನೋಡಿದರೆ ಮೇಷ್ಟ್ರಮ್ಮನಿಗೆ ಒಳಗಿನ ಗುಟ್ಟೆಲ್ಲ ಗೊತ್ತಾಗಿಬಿಡುತ್ತಿತ್ತು.

ಮೇಷ್ಟ್ರಮ್ಮನ ತಮ್ಮನೂ ಬಂದ. ಅವನದು ಮರದ ಸಾಮಾನಿನ ಅಂಗಡಿ. “ಅಕ್ಕಾ, ಶೆಲ್ಫು ಖಾಲಿ ಇದ್ರೆ ಗಿರಾಕಿ ತಿರುಗಿ ನೋಡಲ್ಲ. ಭಾವನ ಪುಸ್ತಕ ಒಂದಷ್ಟು ಕೊಡು, ಜೋಡಿಸಿಡ್ತೀನಿ. ಆದ್ರೆ ಟೊಳ್ಳು ಮಾಡಿ ಕೊಡು. ತುಂಬಿದ ಪುಸ್ತಕ ಇಟ್ರೆ ನನ್ನ ಶೆಲ್ಫು ಬಾಗತ್ತೆ.”

“ಪುಸ್ತಕ ಇಡಕ್ಕಾಗದ ಪುಸ್ತಕದ ಶೆಲ್ಫು ಮಾರ್ತೀಯೇನೋ?”

“ತಗೊಳ್ಳೋರು ಪುಸ್ತಕ ಇಟ್ರೆ ತಾನೆ ಅಕ್ಕ!”

ಕೆಲಸ ಹಿಂದಿನ ಕೋಣೆಯಲ್ಲಿ, ಮೇಷ್ಟ್ರು ಬೆಳಿಗ್ಗೆ ವಾಚನಾಲಯಕ್ಕೆ ಪೇಪರ್ ಓದಲು ಹೋದ ಹೊತ್ತಿನಲ್ಲಿ ನಡೆಯುತ್ತಿತ್ತು. ಮುನ್ನುಡಿಯನ್ನೂ ಮೊದಲ ಅಧ್ಯಾಯವನ್ನೂ ಮುಟ್ಟುವ ಹಾಗಿಲ್ಲ; ಯಾರಾದರೂ ಅಕಸ್ಮಾತ್ ರಟ್ಟು ಎತ್ತಿದರೆ ಅಷ್ಟು ಕಾಣಬೇಕು, ಅದಕ್ಕಿಂತ ಮುಂದೆ ಯಾರೂ ಹೋಗುವುದಿಲ್ಲ. ಉಳಿದ ಹಾಳೆಗಳ ಅಂಚಿಗೆ ನೀರು ಬೆರೆಸಿದ ಬಿಳಿ ಅಂಟನ್ನು ಬ್ರಷ್ಷಿನಿಂದ ಬಳಿದು, ಒಣಗುವ ತನಕ ಮೇಲೆ ಭಾರ ಹೇರಬೇಕು. ಭಾರಕ್ಕೆ ಬೇರೇನೂ ಹುಡುಕಬೇಕಾಗಿರಲಿಲ್ಲ, ಅದೇ ಪುಸ್ತಕದ ಇನ್ನೆರಡು ಪ್ರತಿ ಸಾಕು. ಆಮೇಲೆ ಅಂಚಿನಿಂದ ಎರಡು ಬೆರಳು ಬಿಟ್ಟು ಪೆನ್ಸಿಲಿನಲ್ಲಿ ಚೌಕ ಎಳೆದು, ಸ್ಟೀಲ್ ಸ್ಕೇಲಿನಿಂದ ಅಂಚನ್ನು ಮುಚ್ಚಿ ಒತ್ತಿ ಹಿಡಿದು, ಒಂದು ಸಲಕ್ಕೆ ನಾಲ್ಕೈದು ಹಾಳೆ ಮಾತ್ರ ಕೊರೆಯಬೇಕು. ಆಸೆಗೆ ಬಿದ್ದು ಜಾಸ್ತಿ ಒತ್ತಿದಿರೋ, ಮೂಲೆಯಲ್ಲಿ ಬ್ಲೇಡು ಓಡಿಹೋಗಿ ಅಂಚಿನ ಗೋಡೆ ಸೀಳುತ್ತದೆ. ಕೊರೆದು ಮುಗಿದ ಮೇಲೆ ಒಳಗೋಡೆಗೆ ಇನ್ನೊಂದು ಕೈ ಅಂಟು, ತಳಕ್ಕೆ ಮಕಮಲ್ ಬಟ್ಟೆ. ನಡುವಿನಿಂದ ಹೊರಬಂದ ಕಾಗದದ ಕಟ್ಟಿಗೆ ಮೇಷ್ಟ್ರಮ್ಮ ‘ತಿರುಳು’ ಅಂತ ಹೆಸರಿಟ್ಟಿದ್ದಳು. ‘ಇವತ್ತು ಎರಡು ಪುಸ್ತಕದ ತಿರುಳು ತೆಗೆದೆ’ ಅಂತ ಅವಳೂ ಅಜ್ಜಿಯೂ ಮಾತಾಡಿಕೊಳ್ಳುವರು.

ಬಚ್ಚಲ ದಾರಿ ಅಗಲವಾಗುತ್ತಾ ಬಂದದ್ದು ಮೇಷ್ಟ್ರ ಕಣ್ಣಿಗೆ ಬಿತ್ತು.

“ಏ, ಇಲ್ಲಿದ್ದ ಕಟ್ಟುಗಳು ಎಲ್ಲಿ?”

ಮೇಷ್ಟ್ರಮ್ಮ ಸೆರಗಿಗೆ ಕೈಯೊರೆಸಿದಳು. “ಜನ ಬಂದು ತಗೊಂಡು ಹೋಗ್ತಿದಾರೆ ರೀ.”

“ಜನ? ಕೇಳಿಕೊಂಡು ಬಂದಾ? ನನ್ನ ಪುಸ್ತಕವನ್ನಾ?”

“ಹೌದು, ನಿಮ್ಮದನ್ನೇ. ಬೇರೆ ತೋರಿಸಿದ್ರೂ ಬೇಡ ಅಂತಾರೆ.”

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ನೀವೇ ನೋಡಿ. ಆದರೆ ಮೇಷ್ಟ್ರು ಅಲ್ಲೇ ಬಚ್ಚಲ ಬಾಗಿಲಿಗೆ ಕೈಯೂರಿ ನಿಂತುಬಿಟ್ಟರು. ಕಣ್ಣು ತುಂಬಿ ಬಂತು. ಮಾರನೆಯ ದಿನ ಗಡ್ಡ ಹೋಯಿತು. ಸ್ನಾನ ಮಾಡುತ್ತಾ ಹಾಡು. ಎರಡನೇ ಸಲ ಅನ್ನ ಬಡಿಸಿಕೊಂಡರು. ಸಂಜೆ ಇಸ್ತ್ರಿ ಅಂಗಿ ತೊಟ್ಟು ಬೀದಿಯ ನಡುವೆ ನಡೆದರು. ಹಜಾಮ ತಾನಾಗಿ ಕರೆದು ಕೂರಿಸಿದ. ಅವನ ಹತ್ತಿರವೂ ಒಂದು ಪ್ರತಿ ಇತ್ತು. ಮೇಷ್ಟ್ರಮ್ಮ ಇದನ್ನೆಲ್ಲ ನೋಡಿ ಖುಷಿಪಟ್ಟಳು, ಜೊತೆಗೇ ಹೆದರಿದಳು. ಈಗ ನಿಜ ಗೊತ್ತಾದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ. ಅದೊಂದು ಆಗಬಾರದು, ಇನ್ನೇನು ಬೇಕಾದರೂ ಆಗಲಿ ಅಂತ ಬಾಯಿಗೆ ಬೀಗ ಹಾಕಿಕೊಂಡಳು.

ಆದರೆ ಅಜ್ಜಿಯ ಬಾಯಿಗೆ ಬೀಗ ಹಾಕುವವರು ಯಾರು? ಒಂದು ದಿನ ಮೆಟ್ಟಿಲ ಮೇಲೆ ಮೇಷ್ಟ್ರನ್ನು ನಿಲ್ಲಿಸಿ, “ಮೇಷ್ಟ್ರೇ, ಹೆಂಡತಿ ಕೈ ಮುಟ್ಟಿದ ಮೇಲೆ ನೋಡಿ ನಿಮ್ಮ ಪುಸ್ತಕಕ್ಕೆ ಕಳೆ ಬಂದಿದ್ದು. ಎಷ್ಟು ನೀಟಾಗಿ ತಿರುಳು ತೆಗೆದು ಕೊಡ್ತಾಳೆ!” ಅಂದೇಬಿಟ್ಟಳು. ಮೇಷ್ಟ್ರು ಮೆಟ್ಟಿಲು ಹಾರಿಕೊಂಡು ಒಳಗೆ ಬಂದರು.

“ನೀನು ತಿರುಳು ತೆಗೆದು ಕೊಡ್ತೀಯಂತೆ?”

ಮೇಷ್ಟ್ರಮ್ಮನ ಕೈಯಲ್ಲಿದ್ದ ಸೌಟು ಜಾರಿತು. ಮುಗಿಯಿತು ಕಥೆ ಅಂದುಕೊಂಡಳು. “ಅಲ್ಲಾ ರೀ… ಅಷ್ಟು ದಪ್ಪದ್ದು ಜನಕ್ಕೆ ಹೊರೆ ಆಗತ್ತೆ ಅಂತ…”

“ಮೊದಲೇ ಯಾಕೆ ಹೇಳ್ಲಿಲ್ಲ? ತಿರುಳು ತೆಗೆಯೋದು ಅಂದ್ರೆ ಸಾಮಾನ್ಯ ಕೆಲಸವಾ! ಬರೆದವನು ನಾನು, ನನ್ನ ಕೈಲೇ ಆಗಿಲ್ಲ.” ಹೆಂಡತಿ ತನ್ನ ಪುಸ್ತಕದ ಸಾರವನ್ನು ನಾಲ್ಕು ಮಾತಿನಲ್ಲಿ ತಿಳಿಸಿ ಹೇಳುತ್ತಿದ್ದಾಳೆ, ಅದಕ್ಕೇ ಜನ ಮುಗಿಬೀಳುತ್ತಿದ್ದಾರೆ ಅಂತ ಅವರು ತಿಳಿದುಕೊಂಡಿದ್ದರು. “ಹೀಗೇ ತೆಗೀತಾ ಇರು. ಒಂದನ್ನೂ ಬಿಡಬೇಡ.”

ಇನ್ನೇನು, ಅಪ್ಪಣೆಯೇ ಸಿಕ್ಕಿತು. ಮೇಷ್ಟ್ರಮ್ಮ ಒಂದನ್ನೂ ಬಿಡಲಿಲ್ಲ.

ತಿರುಳು ಸಿಕ್ಕಿದ ಜನರನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಮೇಷ್ಟ್ರಿಗೆ ಹುಟ್ಟಿದ್ದು ಆಗ. “ಓದುಗರ ಮನೆಗೆ ನಾನೇ ಹೋಗ್ತೀನಿ” ಅಂತ ಹೊರಟೇಬಿಟ್ಟರು. ತಡೆಯಲು ನೋಡಿ ಆಗದೆ ಮೇಷ್ಟ್ರಮ್ಮ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದಳು.

ಮೊದಲು ಸಿಕ್ಕಿದ್ದು ಹಲ್ಲಿನ ಡಾಕ್ಟರ ಶಾಪು. ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಒಳಗೆ ಗೋಡೆ ತುಂಬ ‘ಸಿಹಿ ನಿಮ್ಮ ಹಲ್ಲಿನ ಶತ್ರು’ ಅನ್ನುವ ಚಿತ್ರಗಳು, ಕುರ್ಚಿಯ ಹಿಂದೆ ಗಾಜಿನ ಕಪಾಟು, ಅದರಲ್ಲಿ ವೈದ್ಯಕೀಯದ ಪುಸ್ತಕಗಳ ನಡುವೆ ‘ಮನುಷ್ಯ’.

“ಡಾಕ್ಟ್ರೇ, ನನ್ನ ಪುಸ್ತಕ ನಿಮ್ಮಲ್ಲಿರೋದು ನೋಡಿ ಸಂತೋಷ ಆಯ್ತು. ಆಗಾಗ ತೆಗೀತೀರಾ?” ಅಂದರು ಮೇಷ್ಟ್ರು.

ಡಾಕ್ಟರ ಮುಖ ಬಿಳಿಚಿತು. ಮೇಷ್ಟ್ರಮ್ಮನ ಕಡೆ ನೋಡಿದರು. ಆಕೆ ಗೋಡೆಯ ಮೇಲಿನ ಹುಳುಕು ಹಲ್ಲನ್ನೇ ನೋಡುತ್ತಾ ನಿಂತಿದ್ದಳು.

“ಆಗಾಗ ಅಂದ್ರೆ… ಊಟ ಆದ್ಮೇಲೆ, ಒಂದೊಂದು ಸಲ…”

“ಅದೇ ಸರಿ. ಒಂದೇ ಸಲಕ್ಕೆ ಮುಗಿಸೋ ಅಂಥದ್ದಲ್ಲ ಅದು. ದಿನಕ್ಕೆ ಸ್ವಲ್ಪ ಸ್ವಲ್ಪ.”

“ಹೌದು ಹೌದು, ಒಂದೋ ಎರಡೋ. ಅದಕ್ಕಿಂತ ಜಾಸ್ತಿ ಇಲ್ಲವೇ ಇಲ್ಲ.”

“ಚಪ್ಪರಿಸಿಕೊಂಡು ಸವೀಬೇಕು.”

ಡಾಕ್ಟರು ಬೆವರೊರೆಸಿಕೊಂಡರು. “ಇದೆಲ್ಲ ನಿಮಗೆ ಹೇಗೆ ಗೊತ್ತು ಮೇಷ್ಟ್ರೇ?”

“ಅದರೊಳಗೇನಿದೆ ಅಂತ ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ! ಮನೆಯವರಿಗೆ ತೋರಿಸಿದೀರಾ?”

“ಅಯ್ಯೋ! ಮೆತ್ತಗೆ ಮಾತಾಡಿ. ಅವಳು ಹಿಂದಿನ ಕೋಣೇಲೇ ಇದಾಳೆ.”

“ಯಾಕ್ರೀ ಮುಚ್ಚಿಡ್ತೀರಿ? ಒಳ್ಳೇದನ್ನ ನಾಲ್ಕು ಜನಕ್ಕೆ ಹಂಚಬೇಕು. ಹೊರಗೆ ಅಷ್ಟು ಜನ ಕೂತಿದಾರಲ್ಲ, ಅವರನ್ನ ಕರೀರಿ, ಒಳಗಿರೋದನ್ನ ನಾನೇ ತೆಗೆದು ತೋರಿಸ್ತೀನಿ” ಅನ್ನುತ್ತಾ ಮೇಷ್ಟ್ರು ಕಪಾಟಿಗೆ ಕೈ ಹಾಕಿದರು.

ಡಾಕ್ಟರು ನಡುವೆ ನುಗ್ಗಿ ಕಪಾಟಿಗೆ ಬೆನ್ನು ಕೊಟ್ಟು ನಿಂತರು. ಬೀದಿಯ ಮಕ್ಕಳ ಕೈಯಿಂದೆಲ್ಲ ಚಾಕಲೇಟು ಕಿತ್ತುಕೊಂಡು ಬೈಯುತ್ತಿದ್ದ ಮನುಷ್ಯ ಅವರು. “ಏನು ಬೇಕು ಹೇಳಿ ಮೇಷ್ಟ್ರೇ. ನಿಮಗೇನು ಬೇಕು?”

“ನನಗೇನು ಬೇಕು? ಬರೆದವನಿಗೆ ನಾಲ್ಕು ಜನರ ಎದುರು ಒಂದು ಒಳ್ಳೆ ಮಾತು ಸಿಕ್ಕಿದ್ರೆ ಸಾಕು.”

“ಆಯ್ತು. ನಾಲ್ಕು ಜನ ಏನು, ಸಭೆಯನ್ನೇ ಮಾಡೋಣ. ಸನ್ಮಾನ ಮಾಡೋಣ. ದಯವಿಟ್ಟು ಈಗ ಹೊರಡಿ.”

ವಕೀಲರ ಮನೆಯಲ್ಲೂ ಇದೇ ಆಯಿತು, ವ್ಯಾಯಾಮದವನ ಮನೆಯಲ್ಲೂ. ವಕೀಲರು ಪ್ರತಿ ವಾರ ಲಾಟರಿ ಟಿಕೆಟ್ ಕೊಳ್ಳುತ್ತಿದ್ದರು, ಅದು ಅವರ ಮಾವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು “ಇವತ್ತಲ್ಲ ನಾಳೆ ಇದರ ಬೆಲೆ ಜಗತ್ತಿಗೆ ಗೊತ್ತಾಗತ್ತೆ” ಅಂದಾಗ ವಕೀಲರು ಕೂತಿದ್ದವರು ಎದ್ದು ಅವರ ಎರಡೂ ಕೈ ಹಿಡಿದುಕೊಂಡರು. ಹೊರಗೆ ಬಂದ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. “ನೋಡಿದೆಯಾ, ನನ್ನ ಪುಸ್ತಕದ ಹೆಸರೆತ್ತಿದ್ರೆ ಜನ ನಡುಗಿಹೋಗ್ತಾರೆ. ಅಷ್ಟು ತಟ್ಟಿದೆ ಅವರಿಗೆ!” ಅಂದರು. ಮೇಷ್ಟ್ರಮ್ಮ ಹೂಂಗುಟ್ಟಿದಳು.

ಹೆದರಿದವರೆಲ್ಲ ಸೇರಿ ಸನ್ಮಾನ ಸಮಿತಿ ಮಾಡಿದರು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಮೇಷ್ಟ್ರಿಗೆ ಮಾತ್ರ ಎಲ್ಲರದೂ ಗೊತ್ತು ಅಂತ ಪ್ರತಿಯೊಬ್ಬರೂ ನಂಬಿದ್ದರು. ಭಾನುವಾರ ಬೆಳಿಗ್ಗೆ, ಬ್ಯಾಂಕಿನ ಮೇಲಿನ ಸಭಾಂಗಣದಲ್ಲಿ ಅಂತ ನಿಗದಿಯಾಯಿತು. ಮೇಷ್ಟ್ರು ಒಂದೇ ಒಂದು ಷರತ್ತು ಹಾಕಿದರು: ಎಲ್ಲರೂ ತಮ್ಮ ತಮ್ಮ ಪ್ರತಿ ತರಬೇಕು, ಸಹಿ ಹಾಕಿ ಕೊಡುತ್ತೇನೆ. ತರದಿದ್ದರೆ ಮೇಷ್ಟ್ರು ಬಾಯಿ ಬಿಟ್ಟಾರು ಅನ್ನುವ ಭಯಕ್ಕೆ ಎಲ್ಲರೂ ತಂದರು. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಒಬ್ಬೊಬ್ಬರೇ ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಪುಸ್ತಕವನ್ನು ಹೀಗೆ ಅಪ್ಪಿಕೊಂಡ ಜನರನ್ನು ಮೇಷ್ಟ್ರು ತಮ್ಮ ಜನ್ಮದಲ್ಲಿ ನೋಡಿರಲಿಲ್ಲ. ವೇದಿಕೆಯ ಮೇಲಿಂದ ಹೆಂಡತಿಯ ಕಡೆ ತಿರುಗಿ ಕಣ್ಣಲ್ಲೇ ‘ನೋಡೇ’ ಅಂದರು. ಮೂರನೇ ಸಾಲಿನಲ್ಲಿ ಕೂತಿದ್ದ ಮೇಷ್ಟ್ರಮ್ಮ ಹೊರಗಿನ ಬಾಗಿಲ ಕಡೆ ನೋಡಿದಳು.

ಮಾತಾಡಲು ಒಬ್ಬ ವಿಮರ್ಶಕರನ್ನು ಕರೆಸಿದ್ದರು. ಯಾವ ಪುಸ್ತಕವಾದರೂ ಸರಿ, ಮೈಕಿನ ಮುಂದೆ ನಿಂತು ಬೆನ್ನುಡಿ ಓದುವಷ್ಟು ಹೊತ್ತು ಕೊಟ್ಟರೆ ಒಂದು ಗಂಟೆ ಮಾತಾಡುವ ಸಾಮರ್ಥ್ಯ ಅವರದು. “ಈ ಕೃತಿಯ ಒಡಲಲ್ಲಿ ಏನೇನು ಅಡಗಿದೆ ಎಂಬುದು ನಿಮಗೆಲ್ಲ ಚೆನ್ನಾಗಿ ಗೊತ್ತಿದೆ” ಅಂದರು. ಸಭೆಯಲ್ಲಿ ಕೆಮ್ಮು ಎದ್ದಿತು. “ಇದನ್ನು ತೆರೆದು ನೋಡಿದರೆ ನಮ್ಮ ಸಮಾಜದ ನಿಜವಾದ ಮುಖ ಬಯಲಾಗುತ್ತದೆ!” ವ್ಯಾಯಾಮದವನು ತನ್ನ ಪ್ರತಿಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಅಜ್ಜಿಯೊಬ್ಬಳೇ ಆರಾಮಾಗಿ ತಲೆದೂಗುತ್ತಿದ್ದಳು.

ಮೇಷ್ಟ್ರ ಸರದಿ ಬಂತು. ಎದ್ದು ನಿಂತು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು: “ನನಗೆ ಹೊಗಳಿಕೆ ಬೇಡ. ಒಂದೇ ಆಸೆ. ನಾನು ಬರೆದದ್ದನ್ನ ಇನ್ನೊಬ್ಬರ ಬಾಯಲ್ಲಿ ನಾನು ಇವತ್ತಿನವರೆಗೂ ಕೇಳಿಲ್ಲ. ಯಾರಾದ್ರೂ ಸರಿ, ‘ಸಂಸಾರ’ ಅನ್ನೋ ಅಧ್ಯಾಯ ತೆಗೆದು ಮೊದಲನೇ ಪುಟ ಓದ್ತೀರಾ?”

ಎಲ್ಲರೂ ತಮ್ಮ ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಮೇಷ್ಟ್ರು ವಕೀಲರ ಕಡೆ ನೋಡಿದರು. ವಕೀಲರು ಕನ್ನಡಕ ತಂದಿಲ್ಲ ಅಂದರು. ಅದು ಅವರ ಮೂಗಿನ ಮೇಲೇ ಇತ್ತು. ವ್ಯಾಯಾಮದವನಿಗೆ ಗಂಟಲು ಕಟ್ಟಿತ್ತು. ಮೇಷ್ಟ್ರು ನಗುತ್ತಲೇ ವೇದಿಕೆ ಇಳಿದರು. “ನಾಚಿಕೆ ಯಾಕ್ರೀ? ಕೊಡಿ, ಪುಟ ನಾನೇ ತೆಗೆದು ಕೊಡ್ತೀನಿ” ಅಂತ ಹಲ್ಲಿನ ಡಾಕ್ಟರ ಮಡಿಲಿಂದ ಪುಸ್ತಕ ಎತ್ತಿಕೊಂಡರು. ಒಂದೇ ಕೈಗೆ ಬಂತು. ಒಳಗೇನೋ ಗಲಗಲ ಅಂದಿತು. ಡಾಕ್ಟರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಸದ್ದು ಬಂದ ಕಡೆ ತಿರುಗಿದಳು. ಮೇಷ್ಟ್ರ ನಗು ಅರ್ಧಕ್ಕೆ ನಿಂತಿತು. ಹೆಬ್ಬೆರಳಿನಿಂದ ಹಾಳೆಗಳ ಅಂಚನ್ನು ಸವರಿದರು. ಹಾಳೆ ಬಿಡಿಸಿಕೊಳ್ಳಲಿಲ್ಲ. ಹಲಗೆಯ ಹಾಗೆ ಗಟ್ಟಿಯ ಅಂಚು.

ಮೊದಲ ಅಧ್ಯಾಯ ದಾಟಿ ತೆರೆದರೆ ಮುಗಿಯಿತು. ಅಷ್ಟೂ ಜನರ ಎದುರು ತನ್ನ ಗಂಡ ತಮ್ಮದೇ ಪುಸ್ತಕದ ಹೊಟ್ಟೆಯೊಳಗೆ ಚಾಕಲೇಟು ನೋಡುತ್ತಾರೆ. ಮೇಷ್ಟ್ರಮ್ಮ ಯೋಚನೆ ಮಾಡಲಿಲ್ಲ, ಎದ್ದು ನಿಂತುಬಿಟ್ಟಳು.

“ನಾನು ಹೇಳ್ತೀನಿ. ಪುಸ್ತಕ ಬೇಡ, ನನಗೆ ಬಾಯಿಗೇ ಬರತ್ತೆ.”

ಬಾಯಿಗೆ ಬರದೆ ಇನ್ನೇನಾದೀತು? ಇಷ್ಟು ದಿನ ಅದೇ ಪುಸ್ತಕ, ಅದೇ ಪುಟ, ಅದೇ ಸಾಲು ಅವಳ ಬ್ಲೇಡಿನ ಕೆಳಗೆ ಬಂದು ಹೋಗಿದ್ದವು. ಪಕ್ಕದ ಮನೆಯ ರೇಡಿಯೋ ಹಾಡಿನ ಹಾಗೆ, ಬೇಡ ಅಂದರೂ ತಲೆಯೊಳಗೆ ಕೂತಿದ್ದವು. ಕಣ್ಣು ಮುಚ್ಚಿಕೊಂಡು ಶುರು ಮಾಡಿದಳು.

“ಇರುವವನಿಗೆ ಮನೆ ಕಾಣುವುದಿಲ್ಲ, ಅವನಿಗೆ…” ನಿಲ್ಲಿಸಿದಳು. “ಬಾಗಿಲು, ಗಡಿಯಾರ. ಪಕ್ಕದಲ್ಲಿ ಕೂತವರನ್ನು…” ಮತ್ತೆ ನಿಲ್ಲಿಸಿದಳು.

ಹಿಂದಿನ ಸಾಲಿನಲ್ಲಿ ಯಾರೋ “ಇದೇನು, ಪದ್ಯವಾ?” ಅಂದರು.

“ಮೊದಲು ‘ಮನೆಯಲ್ಲಿ’ ಅಂತ ಇದೆ,” ಅಂದರು ಮೇಷ್ಟ್ರು, ತಪ್ಪು ತಿದ್ದುವ ಹಳೇ ಅಭ್ಯಾಸದಲ್ಲಿ. “ಆಮೇಲೆ ‘ಕಾಣುವುದು ಗೋಡೆ’. ಮುಂದೆ?”

“ಕೇಳದವನು, ಅದೇ ಮಾತನ್ನು ಬೀದಿಬೀದಿ…”

“‘ಒಂದು ಮಾತು’ ಬಿಟ್ಟೆ,” ಅಂದವರು ತಟ್ಟನೆ ಸುಮ್ಮನಾದರು. ಕೈಯಲ್ಲಿದ್ದ ಪುಸ್ತಕ ನೋಡಿದರು. ಕರಡು ತಿದ್ದಿ ತಿದ್ದಿ ಯಾವ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುರಿಯುತ್ತದೆ ಅನ್ನುವುದು ಅವರಿಗೆ ಕಂಠಪಾಠವಾಗಿತ್ತು. ಹೆಂಡತಿ ಬಿಡುತ್ತಿದ್ದದ್ದು ಪ್ರತಿ ಸಾಲಿನ ಮೊದಲ ಮಾತು, ಕೊನೆಯ ಮಾತು. ಬೇರೆ ಒಂದಕ್ಷರ ತಪ್ಪುತ್ತಿರಲಿಲ್ಲ. ರಟ್ಟಿನ ಮೇಲೆ, ಅಂಚಿಗೆ ಸೇರಿಸಿ, ಮೇಷ್ಟ್ರು ಎರಡು ಬೆರಳು ಇಟ್ಟು ನೋಡಿದರು. ಆಮೇಲೆ ತಲೆ ಎತ್ತಿ ಸಭೆಯಲ್ಲಿ ಎದೆಗವಚಿಕೊಂಡಿದ್ದ ಒಂದೊಂದೇ ಪುಸ್ತಕವನ್ನು ನೋಡುತ್ತಾ ಬಂದರು. ಕೊನೆಗೆ ಹೆಂಡತಿಯನ್ನು ನೋಡಿದರು. ಆಕೆ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು.

“‘ಕೇಳುತ್ತಾ ತಿರುಗುತ್ತಾನೆ’,” ಅಂದರು ಮೇಷ್ಟ್ರು. “ಹೇಳು, ನಿಲ್ಲಿಸಬೇಡ.”

ಅವಳು ನಡುವಿನದು ಹೇಳಿದಳು, ಅವರು ಎರಡು ತುದಿ ಸೇರಿಸಿದರು. ಹೀಗೆ ಒಂದು ಪುಟ ಪೂರ್ತಿ ಮುಗಿಯಿತು. ಸಭೆ ಇದೊಂದು ಗೊತ್ತುಮಾಡಿಕೊಂಡ ಕಾರ್ಯಕ್ರಮ ಅಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿತು; ಪುಸ್ತಕ ತೆರೆಯುವುದು ತಪ್ಪಿದ್ದಕ್ಕೆ ಇನ್ನೂ ಜೋರಾಗಿ ತಟ್ಟಿತು. ವಿಮರ್ಶಕರು ಮೈಕಿಗೆ ಹಾರಿ, “ಲೇಖಕ ಅಂಚಿನಲ್ಲಿ, ಓದುಗ ಕೇಂದ್ರದಲ್ಲಿ! ಇದು ಹೊಸ ಪ್ರಯೋಗ” ಅಂತ ಸಾರಿದರು. ಮೇಷ್ಟ್ರು ಡಾಕ್ಟರ ಪುಸ್ತಕವನ್ನು ತೆರೆಯದೆ ಹಾಗೇ ವಾಪಸು ಕೊಟ್ಟು, “ಜೋಪಾನ” ಅಂದರು. ಆಮೇಲೆ ಕೂತು ಎಲ್ಲರ ಪ್ರತಿಗೂ ರಟ್ಟಿನ ಮರುಪುಟದಲ್ಲಿ ಸಹಿ ಹಾಕಿದರು. ಯಾರಿಗೂ ‘ಹೇಗಿತ್ತು’ ಅಂತ ಕೇಳಲಿಲ್ಲ.

ದಾರಿಯುದ್ದಕ್ಕೂ ಮೇಷ್ಟ್ರು ಎರಡು ಹೆಜ್ಜೆ ಮುಂದೆಯೇ ನಡೆದರು. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಮ್ಮನಿಗೆ. ಮನೆಗೆ ಬಂದವರೇ ಮೇಷ್ಟ್ರು ನೇರ ಹಿಂದಿನ ಕೋಣೆಗೆ ಹೋದರು. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಮೇಜಿನ ಮೇಲೆ ಬ್ಲೇಡು, ಸ್ಕೇಲು, ಅಂಟಿನ ಡಬ್ಬಿ. ಗೋಡೆಯುದ್ದಕ್ಕೂ ತಿರುಳಿನ ಕಟ್ಟುಗಳು.

“ಇಡೀ ಪುಸ್ತಕ ಒಂದಾದ್ರೂ ಮನೇಲಿ ಉಳಿದಿದೆಯಾ?”

“ಇಲ್ಲ ರೀ.”

“ಒಂದೂ?”

“ಒಂದನ್ನೂ ಬಿಡಬೇಡ ಅಂದ್ರಲ್ಲ ನೀವು” ಅಂದವಳಿಗೆ ಅಳು ಬಂದುಬಿಟ್ಟಿತು. “ತಪ್ಪಾಯ್ತು. ನೀವು ಊಟ ಬಿಟ್ಟು ಕೂತಿದ್ರಿ, ಆಮೇಲೆ ನಗ್ತಾ ಓಡಾಡಿದ್ರಿ, ನನ್ನ ಬಾಯಿ ಕಟ್ಟಿಹೋಯ್ತು. ಬೈದುಬಿಡಿ ಒಂದ್ಸಲ. ಸುಮ್ನಿರಬೇಡಿ.”

ಮೇಷ್ಟ್ರು ಬೈಯಲಿಲ್ಲ. ಒಂದು ತಿರುಳು ಎತ್ತಿಕೊಂಡು ತಿರುವಿದರು. ತಲೆಯೂ ಬಾಲವೂ ಇಲ್ಲದ ಸಾಲುಗಳು. ಆಮೇಲೆ, ಹಜಾಮನನ್ನು ಕೇಳಿದ್ದ, ವಕೀಲರನ್ನು ಕೇಳಿದ್ದ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡದೆ ಕೇಳಿದ್ದ ಆ ಮಾತನ್ನು ಹೆಂಡತಿಯ ಕಡೆ ನೋಡದೆ ಕೇಳಿದರು. ಮದುವೆಯಾದಾಗಿನಿಂದ ಈಕೆಯನ್ನು ಕೇಳಿದ್ದು ಇದೇ ಮೊದಲು.

“ಹೇಗಿತ್ತು?”

‘ಚೆನ್ನಾಗಿತ್ತು’ ಅನ್ನುವುದು ಮೇಷ್ಟ್ರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡಳು. ಮೂಗೊರೆಸಿಕೊಂಡಳು.

“ಉದ್ದ ಆಯ್ತು ರೀ.”

ಮೇಷ್ಟ್ರ ಮುಖ ಕೆಂಪಗಾಯಿತು. ತಿರುಳನ್ನು ಮೇಜಿನ ಮೇಲೆ ಕುಕ್ಕಿ ದಡದಡ ಬಾಗಿಲ ತನಕ ಹೋದರು. ಅಲ್ಲೇ ಬೆನ್ನು ಮಾಡಿ ನಿಂತರು. ತಿರುಗಿ ಬಂದರು. ಕುರ್ಚಿಯನ್ನು ಸದ್ದಾಗುವ ಹಾಗೆ ಎಳೆದು, ಅವಳ ಎದುರಿಗೆ ಕೂತರು.

“ಎಲ್ಲೆಲ್ಲಿ?” ಅಂದರು.